ಬೋರ್ಡನ್ನು ನುಂಗಿದ ಗುಡ್ಡೆಯವರಿಗೆ

ಗೆ,
ಶ್ರೀಮಾನ್ ಕಸದ ಗುಡ್ಡೆಯವರು,
ಟ್ರಾನ್ಸ್‌ಫಾರ್ಮರ್ ಪಕ್ಕ, ಅಡ್ಡರಸ್ತೆಯ ಬಾಯಿ,
ಸಿಂಗಸಂದ್ರ.

ಮಾನ್ಯರೇ,

ಸಿಂಗಸಂದ್ರದ ಸಮಸ್ತ ನಾಗರಿಕರಿಗೂ, ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ನಿಂತು ನಿಂತು ತಾಳ್ಮೆಯಲ್ಲಿ ಪರಿಣತರಾದ ಸಕಲ ವಾಹನ ಸವಾರರಿಗೂ ಈ ಮೂಲಕ ಹೆಮ್ಮೆಯಿಂದ ಪ್ರಕಟಿಸುವುದೇನೆಂದರೆ, ಕಳೆದ ಸೋಮವಾರ ಬೆಳಗ್ಗೆ ತಾವು ತಮ್ಮ ಬೆನ್ನಿಗೆ ನೆಟ್ಟಿದ್ದ ಬೋರ್ಡನ್ನು ಸಂಪೂರ್ಣವಾಗಿ ಮುಳುಗಿಸಿದ್ದೀರಿ. 'ಇಲ್ಲಿ ಕಸ' ಎಂದು ಮೊದಲ ಸಾಲು, 'ಹಾಕಬಾರದು' ಎಂದು ಎರಡನೆಯ ಸಾಲು, 'ಹಾಕಿದರೆ ದಂಡ' ಎಂದು ಮೂರನೆಯ ಸಾಲು ಬರೆದಿದ್ದ ಆ ಬೋರ್ಡಿನಲ್ಲಿ ಮೊದಲು ದಂಡ ಮುಳುಗಿತು, ಆಮೇಲೆ 'ಹಾಕಬಾರದು' ಮುಳುಗಿತು, ಅಲ್ಲಿಂದ ಮುಂದೆ ಬಹಳ ದಿನ 'ಇಲ್ಲಿ ಕಸ' ಎಂಬುದಷ್ಟೇ ಉಳಿದು, 'ಇಲ್ಲಿ ಬಿಸಿ ಇಡ್ಲಿ' ಎನ್ನುವ ಹಾಗೆ ಹೊಸಬರನ್ನು ಕೈಬೀಸಿ ಕರೆಯುತ್ತಿತ್ತು. ಈಗ ಅದರ ಅಗತ್ಯವೂ ಇಲ್ಲವಾಗಿದೆ. ಈ ಸಾಧನೆಗಾಗಿ ತಮಗೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನಿಸಬೇಕೆಂದು ನಾನು ಹೊರಟದ್ದು ನಿಜ. ಆದರೆ ಹೋದ ರಾಜ್ಯೋತ್ಸವದ ಅತಿಥಿಗಳಿಗೆ ಹಾಕಿದ್ದ ಹಾರ ಮರುದಿನವೇ ತಮ್ಮ ಕೊರಳಿಗೆ ಬಂದಿದೆ, ಶಾಲೂ ಅಲ್ಲೇ ಎಲ್ಲೋ ಇದೆ.

ತಾವು ನಮ್ಮ ರಸ್ತೆಗೆ ಬಂದು ಎಷ್ಟು ಕಾಲವಾಯಿತೆಂದು ಇಲ್ಲಿ ಯಾರಿಗೂ ನೆನಪಿಲ್ಲ. ನಮ್ಮಂಥ ಬಾಡಿಗೆಯವರಿಗೆ ಹನ್ನೊಂದು ತಿಂಗಳ ಕರಾರು, ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ ಮಿಕ್ಸಿ ಹಾಕಬಾರದು ಎಂಬ ಷರತ್ತುಗಳಿರುವಾಗ, ತಾವು ಯಾವ ಕರಾರೂ ಇಲ್ಲದೆ ಬಂದು, ಮೊದಲು ಖಾಲಿ ಸೈಟಿನ ಮೂಲೆಯನ್ನೂ ನಂತರ ಚರಂಡಿಯನ್ನೂ ಈಗ ಅರ್ಧ ರಸ್ತೆಯನ್ನೂ ಸ್ವಾಧೀನಕ್ಕೆ ತೆಗೆದುಕೊಂಡ ನಯವನ್ನು ನೋಡಿ ನಮ್ಮ ಕಡೆಯ ಸೈಟ್ ದಲ್ಲಾಳಿಗಳೂ ತಲೆಬಾಗುತ್ತಾರೆ. ಊಟ ತಲುಪಿಸುವವರು ದಾರಿ ತಪ್ಪಿ ಫೋನ್ ಮಾಡಿದರೆ ಇಡೀ ರಸ್ತೆ ಒಂದೇ ಕಂಠದಲ್ಲಿ ಹೇಳುವುದು, "ಗುಡ್ಡೆ ಹತ್ರ ಲೆಫ್ಟ್ ತಗೊಳ್ಳಿ ಅಣ್ಣ" ಎಂದೇ. ಕುಲ, ಭಾಷೆ, ಸಂಬಳ ಯಾವುದನ್ನೂ ಕೇಳದೆ ಎಲ್ಲರನ್ನೂ ಬರಮಾಡಿಕೊಳ್ಳುವ ಸ್ಥಳ ನಮ್ಮಲ್ಲಿ ತಮ್ಮನ್ನು ಬಿಟ್ಟರೆ ಇನ್ನೊಂದಿಲ್ಲ. ಕೋಳಿ ಅಂಗಡಿಯ ಪುಕ್ಕವೂ ಶಿವರಾತ್ರಿಯ ಬಿಲ್ವಪತ್ರೆಯೂ ಒಂದೇ ಹಾಸಿಗೆಯಲ್ಲಿ, ಅದೂ ಪೇಯಿಂಗ್ ಗೆಸ್ಟ್ ನಡೆಸುವ ಗೋಪಾಲಪ್ಪನವರು ಎಸೆದ ಹಳೇ ಹಾಸಿಗೆಯಲ್ಲಿ, ಮಲಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಮ್ಮ ದಾನಿಗಳ ವಿಷಯಕ್ಕೆ ಬಂದರೆ, ಕಸದ ಆಟೋ ದಿನವೂ ಬೆಳಗ್ಗೆ ಹಾಡು ಹಾಕಿಕೊಂಡು ಬಾಗಿಲಿಗೇ ಬರುತ್ತದೆಂಬ ಸತ್ಯವನ್ನು ನಾನು ಮುಚ್ಚಿಡಲಾರೆ. ಆದರೆ ಆಟೋದವನು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎನ್ನುತ್ತಾನೆ, ತಾವು ಹಾಗೆಲ್ಲ ಅವಮಾನ ಮಾಡುವವರಲ್ಲ. ಎದುರು ಮನೆಯ ಕಮಲಮ್ಮನವರು, ದಿನವೂ ವಾಕಿಂಗ್ ನೆಪದಲ್ಲಿ ಒಂದು ಕಪ್ಪು ಕವರನ್ನು ತಮ್ಮ ಮಡಿಲಿಗೆ ಹಾಕಿ ಬರುವವರು, ಇದನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ: "ನಮ್ದು ಬರೀ ತರಕಾರಿ ಸಿಪ್ಪೆ ಕಣ್ರೀ, ಮಣ್ಣಲ್ಲಿ ಮಣ್ಣಾಗೋಗತ್ತೆ. ಆ ಪಿ.ಜಿ. ಹುಡುಗ್ರದ್ದೇ ನೋಡಿ ಗಲೀಜು." ಪಿ.ಜಿ. ಹುಡುಗರನ್ನು ಕೇಳಿದರೆ, "ನಾವು ಟ್ಯಾಕ್ಸ್ ಕಟ್ತೀವಿ ಸಾರ್" ಎಂದು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗುತ್ತಿರುವಂತೆಯೇ, ಬೈಕಿನ ವೇಗವನ್ನು ಕಿಂಚಿತ್ತೂ ತಗ್ಗಿಸದೆ ಕವರನ್ನು ಗುರಿಯಿಟ್ಟು ಎಸೆದು ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಮಾಯವಾಗುತ್ತಾರೆ. ನನ್ನ ಕೊಡುಗೆ ಎಳನೀರಿನ ಬುರುಡೆ ಮಾತ್ರ, ಅದನ್ನು ಕಸವೆಂದು ನಾನು ಈಗಲೂ ಒಪ್ಪುವುದಿಲ್ಲ.

ತಮ್ಮ ಬೆಳವಣಿಗೆಯಿಂದ ಗಾಬರಿಗೊಂಡ ನಮ್ಮ ರಸ್ತೆಯ ಕ್ಷೇಮಾಭಿವೃದ್ಧಿ ಸಂಘವು ಅಧ್ಯಕ್ಷರಾದ ಚನ್ನವೀರಪ್ಪನವರ ಮನೆಯ ಪಾರ್ಕಿಂಗಿನಲ್ಲಿ ಸಭೆ ಸೇರಿ, ಮನೆ ಮಾಲೀಕರು ಬಾಡಿಗೆಯವರನ್ನೂ, ಬಾಡಿಗೆಯವರು ಪಿ.ಜಿ.ಯವರನ್ನೂ, ಪಿ.ಜಿ.ಯವರು ಸರ್ಕಾರವನ್ನೂ ಯಥಾಶಕ್ತಿ ಬೈದಾದ ಮೇಲೆ, ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಆ ಸೈಟಿನ ಗೋಡೆಗೆ ದೇವರ ಟೈಲ್ಸ್ ಅಂಟಿಸ್ಬಿಡೋಣ ಕಣ್ರೀ. ಯಾವನಿಗೆ ಧೈರ್ಯ ಬರತ್ತೋ ನೋಡ್ತೀನಿ" ಎಂದರು. ಮಾನ್ಯರೇ, ತಮ್ಮನ್ನು ಓಡಿಸಲು ಮಾಡಿದ ಆ ಉಪಾಯವೇ ತಮಗೆ ಪಟ್ಟ ಕಟ್ಟಿತು. ಎರಡು ದಿನ ಯಾರೂ ಹತ್ತಿರ ಸುಳಿಯಲಿಲ್ಲ, ನಾವು ಪರಸ್ಪರ ಬೆನ್ನು ತಟ್ಟಿಕೊಂಡೆವು. ಮೂರನೆಯ ದಿನ ಯಾರೋ ಪುಣ್ಯಾತ್ಮರು ಗಾಜು ಒಡೆದ ದೇವರ ಫೋಟೋವೊಂದನ್ನು ತಂದು ಭಕ್ತಿಯಿಂದ ಗೋಡೆಗೆ ಒರಗಿಸಿ ಕೈಮುಗಿದು ಹೋದರು. ಒಡೆದ ಫೋಟೋವನ್ನು ಮನೆಯಲ್ಲಿಡುವಂತಿಲ್ಲ, ಕಸದ ಆಟೋಗೆ ಹಾಕುವಂತೆಯೂ ಇಲ್ಲ, ಅಂಥ ಧರ್ಮಸಂಕಟಕ್ಕೆ ಇಷ್ಟು ಹತ್ತಿರದಲ್ಲಿ ಪರಿಹಾರ ಸಿಕ್ಕಿದ ಸುದ್ದಿ ಬೊಮ್ಮನಹಳ್ಳಿಯವರೆಗೂ ಹಬ್ಬಿತೆಂದು ಕಾಣುತ್ತದೆ. ಹಳೇ ಕ್ಯಾಲೆಂಡರುಗಳು ಬಂದವು, ಮೂಗು ಮುರಿದ ಗಣಪತಿಗಳು ಬಂದರು, ಒಣಗಿದ ಹೂವಿನ ಹಾರಗಳು ಬಂದವು. ಹೂವು ಕವರಿನಲ್ಲಿ ಬಂತು, ಆಮೇಲೆ ಹೂವಿಲ್ಲದ ಕವರೂ ಬಂತು. ಈಗ ಜನ ಎಸೆಯುವ ಮೊದಲು ಚಪ್ಪಲಿ ಬಿಡುತ್ತಾರೆ, ಎಸೆದ ಮೇಲೆ ಕೆನ್ನೆ ಬಡಿದುಕೊಳ್ಳುತ್ತಾರೆ. ತಪ್ಪು ಮಾಡಿದ ಜಾಗದಲ್ಲೇ ಕ್ಷಮೆಯೂ ಸಿಗುವ ಇಂಥ ಅನುಕೂಲ ಬೇರೆ ಯಾವ ಊರಿನಲ್ಲಿದೆಯೋ ನಾನರಿಯೆ.

ಇದರಿಂದಾದ ಇನ್ನೊಂದು ಪ್ರಗತಿಯೆಂದರೆ, ಅದುವರೆಗೆ ವಾರಕ್ಕೊಮ್ಮೆಯಾದರೂ ತಮ್ಮನ್ನು ಗೋರಿ ಲಾರಿಗೆ ತುಂಬುತ್ತಿದ್ದ ಪೌರಕಾರ್ಮಿಕರ ತಂಡದ ಸಿದ್ದಮ್ಮನವರು ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಖಡಾಖಂಡಿತವಾಗಿ ನಿರಾಕರಿಸಿದರು. "ದ್ಯಾವ್ರು ಕುಂತವ್ನೆ ಸಾ. ದ್ಯಾವ್ರಿಗೆ ಪೊರಕೆ ಮುಟ್ಟುಸ್ಲಾ? ನನ್ ಮಕ್ಳುಮರಿ ಚೆನ್ನಾಗಿರೋದ್ ಬ್ಯಾಡ್ವಾ? ತಂದಿಕ್ಕಿದೋರೇ ಬಂದು ಎತ್ಕೊಡ್ಲಿ, ಲಾರಿಗ್ ನಾನ್ ಆಕ್ತೀನಿ" ಎಂದು ಹೇಳಿ ಮುಂದಿನ ರಸ್ತೆಗೆ ಹೊರಟರು. ಪೊರಕೆ ತಾಗಬಾರದು, ಲಾರಿ ಒಯ್ಯಬಾರದು ಎಂದಾದ ಮೇಲೆ ಉಳಿದದ್ದು ಬೆಂಕಿಯೊಂದೇ. ಪೂಜೆಯ ಸಾಮಾನನ್ನು ಅಗ್ನಿಗೆ ಒಪ್ಪಿಸಿದರೆ ದೋಷವಿಲ್ಲವೆಂದು ಯಾರೋ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು, ಅದಕ್ಕೆ ಕೈಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಂದವು, ಮರುದಿನ ನಸುಕಿಗೆ ತಾವು ಉರಿಯುತ್ತಿದ್ದಿರಿ. ಹಚ್ಚಿದವರು ಯಾರು? ಕಮಲಮ್ಮನವರಲ್ಲ, ಗೋಪಾಲಪ್ಪನವರಲ್ಲ, ಚನ್ನವೀರಪ್ಪನವರಂತೂ ಅಲ್ಲವೇ ಅಲ್ಲ. ಎಲ್ಲರನ್ನೂ ವಿಚಾರಿಸಿದ ಮೇಲೆ, ತಾವು ಸ್ವಂತ ಇಚ್ಛೆಯಿಂದ ದಿನವೂ ಬೆಳಗಿನ ಜಾವ ಹೊತ್ತಿಕೊಳ್ಳುತ್ತೀರೆಂಬ ತೀರ್ಮಾನಕ್ಕೆ ನಾವು ಬಂದಿದ್ದೇವೆ.

ಇಲ್ಲಿಗೆ ಹೊಗಳಿಕೆಯನ್ನು ತುಸು ನಿಲ್ಲಿಸಿ ನನ್ನ ದೂರನ್ನು ಅರಿಕೆ ಮಾಡಿಕೊಳ್ಳುತ್ತೇನೆ. ತಮ್ಮ ಹಿಂದೆಯೇ, ಟ್ರಾನ್ಸ್‌ಫಾರ್ಮರಿಗೆ ಅಂಟಿಕೊಂಡಂತೆ, ಶೀಟ್ ಹೊದಿಸಿದ ಒಂಟಿ ಕೋಣೆಯೊಂದಿದೆ. ತಾವು ಅದನ್ನು ಗಮನಿಸಿರಲಾರಿರಿ, ನಾವೂ ಗಮನಿಸಿರಲಿಲ್ಲ. ಲಿಂಗಸುಗೂರಿನ ಕಡೆಯಿಂದ ಬಂದ ಸಂಗಣ್ಣ ಅಲ್ಲಿದ್ದಾನೆ, ಗಾರೆ ಕೆಲಸದವನು; ಅವನ ಹೆಂಡತಿ ಮಹಾನಂದಾ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗುತ್ತಾಳೆ; ಅವನ ತಾಯಿ ಬಸಕ್ಕ ದಿನವಿಡೀ ಆ ಕೋಣೆಯಲ್ಲಿ ತಮ್ಮ ಜೊತೆಗಿರುತ್ತಾಳೆ. ತಮ್ಮ ಹೊಗೆ ಶುರುವಾದಾಗಿನಿಂದ ಬಸಕ್ಕನಿಗೆ ಉಬ್ಬಸ ಹಿಡಿದಿದೆ. ಮಹಾನಂದಾ ಮನೆಮನೆಗೆ ಹೋಗಿ, "ಮುಂಜಾನಿ ಹಚ್ಚಬ್ಯಾಡ್ರೀ ಅಕ್ಕಾರ, ನಮ್ಮತ್ತಿಗಿ ಉಸುರು ಹಿಡೀತೈತ್ರಿ" ಎಂದು ಬೇಡಿಕೊಂಡಳು. ನಾವು ಕೈಬಿಡಲಿಲ್ಲ. ಒಬ್ಬರು ಸೋಂಕಿನ ಕಾಲದಲ್ಲಿ ಉಳಿದಿದ್ದ ಮುಖಗವಸು ಕೊಟ್ಟರು. ಇನ್ನೊಬ್ಬರು, "ಊರಿಗೆ ಕಳಿಸ್ಬಿಡಮ್ಮ, ಹಳ್ಳಿ ಗಾಳಿ ತುಂಬಾ ಒಳ್ಳೇದು" ಎಂದು ಸಲಹೆ ಕೊಟ್ಟರು. ನನ್ನ ಮೇಲಿನ ಮಹಡಿಯ ಸಿದ್ಧಾರ್ಥ್ ಮತ್ತು ಸ್ಫೂರ್ತಿ ದಂಪತಿಗಳು, ಇಬ್ಬರೂ ಪರಿಸರದ ಬಗ್ಗೆ ಬಹಳ ಕಾಳಜಿಯುಳ್ಳವರು, ನಮ್ಮ ರಸ್ತೆಯ ಗಾಳಿ ಎಷ್ಟು ಕೆಟ್ಟಿದೆಯೆಂದು ಮೊಬೈಲಿನಲ್ಲಿ ಕೆಂಪು ಅಂಕಿ ತೋರಿಸಿ, ಅಳುವ ಮುಖದ ಚಿತ್ರದೊಂದಿಗೆ ಗ್ರೂಪಿಗೆ ಹಾಕಿ, ಅಂದೇ ಗಾಳಿ ಶುದ್ಧಮಾಡುವ ಯಂತ್ರವೊಂದನ್ನು ತರಿಸಿದರು. ಯಂತ್ರ ಬಂದ ರಟ್ಟಿನ ಡಬ್ಬವೂ ಥರ್ಮಾಕೋಲೂ ಸಂಜೆಗೆ ತಮ್ಮ ಬಳಿ ತಲುಪಿದವು, ಬೆಳಗ್ಗೆ ಧಗಧಗನೆ ಉರಿದವು, ಮೇಲೆ ಯಂತ್ರ ಗುಂಯ್‌ಗುಟ್ಟಿತು, ಕೆಳಗೆ ಬಸಕ್ಕ ಕೆಮ್ಮಿದಳು.

ಹೋದ ಶನಿವಾರ ಬೆಳಗ್ಗೆ ಬಸಕ್ಕನಿಗೆ ಉಸಿರೇ ಸಿಗದಾಯಿತು. ಆಂಬುಲೆನ್ಸ್ ಬಂತು, ಆದರೆ ತಾವು ಅರ್ಧ ರಸ್ತೆಯಲ್ಲಿ ಆಸೀನರಾಗಿದ್ದರಿಂದ ಒಳಗೆ ಬರಲಾಗದೆ ಆಚೆಯೇ ನಿಂತು ಕೂಗಿಕೊಂಡಿತು. ಸಂಗಣ್ಣನೂ ಸಿದ್ಧಾರ್ಥನೂ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಮ್ಮನ್ನು ಬಳಸಿಕೊಂಡು ನಡೆದರು. ನಾವೆಲ್ಲ ಎರಡೂ ಕಡೆ ಸಾಲಾಗಿ ನಿಂತು ನೋಡಿದೆವು. ತುಟಿ ನೀಲಿಗಟ್ಟಿದ್ದರೂ ಆ ಮುದುಕಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ಮೆರವಣಿಗಿ ಛಲೋ ಐತಲೋ ಸಂಗ್ಯಾ, ಡೊಳ್ಳಿನವರು ಎಲ್ಲಿ ಹ್ವಾದ್ರು?" ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು, "ಅಜ್ಜಿ, ಬೀಡಿಗೀಡಿ ಸೇದ್ತೀರಾ?" ಎಂದು ಕೇಳಿದಾಗ ಮೂಗಿನ ಮೇಲಿನ ಆಕ್ಸಿಜನ್ ಮುಸುಕನ್ನು ಸರಿಸಿ ಅವಳು ಕೊಟ್ಟ ಉತ್ತರವನ್ನು ಮಹಾನಂದಾ ನನಗೆ ಹೇಳಿದಳು: "ನಾ ಎಲ್ಲಿ ಸೇದಲ್ರೀ ಸಾಹೇಬ್ರ. ಸೇದೂದು ಇಡೀ ಓಣಿ, ಕೆಮ್ಮೂದಷ್ಟು ನಂದು."

ಅಂದು ಸಂಜೆಯೇ ಸಂಘದ ತುರ್ತು ಸಭೆ ಸೇರಿತು. ಎಲ್ಲರೂ ನೊಂದಿದ್ದರು. ಆಸ್ಪತ್ರೆಗೆ ಕಳಿಸಲು ಒಂದು ಬುಟ್ಟಿ ಹಣ್ಣು ತರಿಸಲಾಯಿತು, ಬುಟ್ಟಿಗೆ ಸುತ್ತಿದ್ದ ಬಣ್ಣದ ಹಾಳೆ ಯಥಾಪ್ರಕಾರ ತಮಗೇ ಸಂದಿತು. ಇದಕ್ಕೆಲ್ಲ ಹೊಣೆ ಯಾರೆಂಬ ಪ್ರಶ್ನೆ ಬಂದಾಗ ಚನ್ನವೀರಪ್ಪನವರು ಗದ್ಗದಿತರಾಗಿ, "ಇದು ನಮ್ಮೆಲ್ಲರ ಜವಾಬ್ದಾರಿ" ಎಂದರು. ಅದನ್ನು ಕೇಳಿದ ಕೂಡಲೇ ಸಭೆಗೆ ಎಷ್ಟು ನಿರಾಳವಾಯಿತೆಂದರೆ, ಅಷ್ಟು ಹೊತ್ತು ನನ್ನದೋ ನಿನ್ನದೋ ಎಂದು ಬೆವರುತ್ತಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿ, ಎಲ್ಲರದೆಂದಾದ ಮೇಲೆ ತನ್ನದೇನೂ ಉಳಿದಿಲ್ಲವೆಂಬ ಸಮಾಧಾನದಿಂದ ಕಾಫಿ ಕುಡಿದು ಮನೆಗೆ ಹೋದರು. ಕಾಫಿ ಲೋಟಗಳು ಕಾಗದದವು. ಎಲ್ಲಿಗೆ ಹೋದವೆಂದು ತಮಗೆ ಹೇಳಬೇಕಿಲ್ಲ.

ಹೀಗಿರುವುದರಿಂದ, ಮನುಷ್ಯರಲ್ಲಿ ಕೇಳಿ ಸಾಕಾಗಿ ನೇರವಾಗಿ ತಮ್ಮನ್ನೇ ಕೇಳಿಕೊಳ್ಳುತ್ತಿದ್ದೇನೆ. ತಮ್ಮ ಹೊಗೆಯನ್ನು ದಯವಿಟ್ಟು ನೆಟ್ಟಗೆ ಮೇಲಕ್ಕೆ ಬಿಟ್ಟು, ಮೂರನೆಯ ಮಹಡಿ ದಾಟಿದ ಮೇಲಷ್ಟೇ ಪಕ್ಕಕ್ಕೆ ತಿರುಗಲು ಅದಕ್ಕೆ ಕಲಿಸುವುದು. ಅದಾಗದಿದ್ದರೆ, ಎತ್ತಿಕೊಡುವವರಿದ್ದರೆ ಲಾರಿಗೆ ಹಾಕುತ್ತೇನೆಂದು ಸಿದ್ದಮ್ಮನವರು ಕೊಟ್ಟ ಮಾತನ್ನು ನೆನೆದು, ತಾವೇ ಎದ್ದು ಲಾರಿ ಹತ್ತುವುದು. ಅದೂ ಕಷ್ಟವೆಂದಾದರೆ ಒಂದು ದಿನ ಬೆಳಗ್ಗೆ ತಾವು ಕವರು ಕವರಾಗಿ ಬಿಡಿಸಿಕೊಂಡು, ಬಂದ ದಾರಿಯನ್ನೇ ಹಿಡಿದು, ಮನೆಮನೆಯ ಗಂಟೆ ಒತ್ತಿ, "ನಿಮ್ಮದೇ ನಾನು, ಬಂದಿದ್ದೀನಿ" ಎಂದು ಹೇಳಿ ಒಳಗೆ ಹೋಗಿ ಸೋಫಾದ ಮೇಲೆ ಕೂರುವುದು. ವಿಳಾಸದ ತೊಂದರೆ ಬಾರದು, ತರಿಸಿಕೊಂಡ ಡಬ್ಬಗಳ ಮೇಲೆ ನಮ್ಮ ಹೆಸರು, ಮಹಡಿ, ಫೋನ್ ನಂಬರು ಎಲ್ಲ ಅಚ್ಚಾಗಿಯೇ ಇದೆ. ನನ್ನ ಮನೆಗೆ ಬರುವ ಬುರುಡೆಗಳಿಗೆ ಬಾಗಿಲು ತೆರೆಯುತ್ತೇನೆಂದು ಮಾತು ಕೊಡುತ್ತೇನೆ, ಕಸವೆಂದು ಒಪ್ಪಿಯಲ್ಲ, ನೆಂಟರೆಂದು.

ಇಷ್ಟನ್ನು ತಮ್ಮ ಔನ್ನತ್ಯಕ್ಕೆ ಭಂಗ ಬಾರದಂತೆ ಬಿನ್ನವಿಸಿಕೊಳ್ಳುವ,

ತಮ್ಮ ವಿಶ್ವಾಸಿ,
ಕರಿಬಸಪ್ಪ
ಎರಡನೆಯ ಮಹಡಿ, ಗಾಳಿ ಬೀಸುವ ದಿಕ್ಕು

ವಿ.ಸೂ.: ಈ ಪತ್ರದ ಪ್ರತಿಯನ್ನು ಟ್ರಾನ್ಸ್‌ಫಾರ್ಮರಿನ ಬೇಲಿಗೂ ಕಟ್ಟಿದ್ದೇನೆ. ಕೈಯಲ್ಲಿ ಕವರು ಹಿಡಿದು ಇದನ್ನು ಓದುತ್ತ ನಿಂತವರಲ್ಲಿ ಒಂದು ಸಣ್ಣ ವಿನಂತಿ. ಗುರುವಾರ ಬೆಳಗ್ಗೆ ಬಸಕ್ಕನನ್ನು ಮನೆಗೆ ಕಳಿಸುತ್ತಾರೆ. ಹೊಗೆಯಿಲ್ಲದ ಕಡೆ ಇಡಿ ಎಂದಿದ್ದಾರೆ ಡಾಕ್ಟರು. ಅವಳಿಗಿರುವುದು ಆ ಕೋಣೆಯೊಂದೇ. ನಡೆಯಲಾರಳು, ಅವಳನ್ನು ತರುವ ಆಟೋ ಉಳಿದಿರುವ ಅರ್ಧ ರಸ್ತೆಯಲ್ಲೇ ನುಸುಳಿ ಬಾಗಿಲವರೆಗೂ ಬರಬೇಕು. ಆದ್ದರಿಂದ ಬುಧವಾರದ ಮತ್ತು ಗುರುವಾರದ ತಮ್ಮ ತಮ್ಮ ಕವರನ್ನು ತಮ್ಮ ತಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಮೊಳೆಗೆ ನೇತುಹಾಕಿ ಇಟ್ಟುಕೊಳ್ಳಿ, ಬೆಂಕಿಪೆಟ್ಟಿಗೆಯನ್ನೂ ಅಲ್ಲೇ ಇಡಿ. ವಾಸನೆ ಬಂದರೆ ಕಿಟಕಿ ತೆರೆಯಿರಿ, ಅಂದು ಹೊಗೆ ಇರುವುದಿಲ್ಲ.