ಕೌಂಟ್ ಪೊರ್ಫೀರಿಯ ಗುರುವಾರಗಳು

ಕರ್ನಲ್ ಕೌಂಟ್ ಪೊರ್ಫೀರಿ ಲ್ವೋವಿಚ್‌ಗೆ ಫಿರಂಗಿಯ ಭಯವಿರಲಿಲ್ಲ. ಭಯವಿದ್ದದ್ದು ಅತ್ತೆಯ ನಾಟಕದ್ದು. ಪ್ರಿನ್ಸೆಸ್ ವರ್ವಾರಾ ಪ್ರತಿ ಗುರುವಾರ ಸಂಜೆ ಮಗಳ ಮನೆಗೆ ಬಂದು, ತಾನೇ ಬರೆದ ಐದಂಕದ ದುರಂತ ನಾಟಕವನ್ನು ಗಟ್ಟಿಯಾಗಿ ಓದುತ್ತಿದ್ದಳು.

ಅದಕ್ಕೇ ಪೊರ್ಫೀರಿ ತಾನು ಫ್ರೀಮೇಸನ್ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದ. ಆ ಗುಪ್ತ ಸಂಘದ ಸಭೆ ಎಲ್ಲಿ, ಅಲ್ಲೇನು ನಡೆಯುತ್ತದೆ ಎಂದು ಸದಸ್ಯರು ಹೆಂಡತಿಯ ಮುಂದೆಯೂ ಬಾಯಿ ಬಿಡುವಂತಿಲ್ಲ. ಇಷ್ಟು ಅನುಕೂಲದ ಸಂಘ ಬೇರೆಲ್ಲಿದೆ? ಸಂಘದವರು ಕಟ್ಟಿಕೊಳ್ಳುವ ಬಿಳಿ ಚರ್ಮದ ಏಪ್ರನ್ ಒಂದನ್ನು ಹರಾಜಿನಲ್ಲಿ ಹಿಡಿದು, ಗುರುವಾರವಾದರೆ ಅದನ್ನು ಕಂಕುಳಲ್ಲಿಟ್ಟುಕೊಂಡು ಗಂಭೀರವಾಗಿ ಹೊರಡುತ್ತಿದ್ದ. ಹೋಗುತ್ತಿದ್ದದ್ದು ಮಾತ್ರ ತನ್ನನ್ನು ಸಾಕಿದ ದಾದಿ ಅಕುಲೀನಾಳ ಮನೆಗೆ. ಏಪ್ರನ್ ಕಟ್ಟಿಕೊಂಡು ಬೆಣ್ಣೆ ಸುರಿದ ಎಲೆಕೋಸಿನ ಕಡುಬು ತಿಂದು, ಒಲೆಯ ಪಕ್ಕದ ಬೆಂಚಿನ ಮೇಲೆ ಗೊರಕೆ ಹೊಡೆದು ಬರುತ್ತಿದ್ದ.

ಹೀಗೆ ಆರು ವರ್ಷ ಸುಖವಾಗಿ ಕಳೆದ ಮೇಲೆ, ಒಂದು ಗುರುವಾರ ಬೆಳಿಗ್ಗೆ ರೆಜಿಮೆಂಟಿನ ಕಚೇರಿಗೆ ಚಕ್ರವರ್ತಿಗಳ ಆಜ್ಞೆ ಬಂತು: ಗುಪ್ತ ಸಂಘಗಳೆಲ್ಲ ರದ್ದು. ಪ್ರತಿಯೊಬ್ಬ ಅಧಿಕಾರಿಯೂ "ಸದಸ್ಯನಾಗಿದ್ದೆ, ಬಿಟ್ಟೆ" ಎಂದೋ, "ಎಂದೂ ಆಗಿರಲಿಲ್ಲ" ಎಂದೋ ಬರೆದು ಸಹಿ ಹಾಕಬೇಕು.

ಪೊರ್ಫೀರಿ ಲೇಖನಿ ಹಿಡಿದು ಲೆಕ್ಕ ಹಾಕಿದ. ಬಿಟ್ಟೆ ಎಂದರೆ ಮೇಲಿನವರು ಕಣ್ಣಿಡುತ್ತಾರೆ, ಗುರುವಾರಕ್ಕೇ ಬೀಗ. 'ಎಂದೂ ಆಗಿರಲಿಲ್ಲ' ಎಂದೇ ಬರೆಯೋಣ. ಕಾಗದ ಜನರಲ್‌ರ ಪೆಟ್ಟಿಗೆ ಸೇರುತ್ತದೆ, ಮನೆಯಲ್ಲಿ 'ಸಂಘ ಈಗ ಇನ್ನೂ ಗುಪ್ತ' ಎಂದರಾಯಿತು. ಹೀಗೆ ಯೋಚಿಸಿ ಬರೆದೇಬಿಟ್ಟ.

ಹೆಗಲ ಮೇಲಿಂದ ಮೇಜರ್ ಗ್ರೆಬ್ನೋವ್ ಇಣುಕಿದ. "ಏನ್ ಕೌಂಟ್, ಹಸೀ ಸುಳ್ಳು ಬರೀತಿದೀರಲ್ಲ! ಸೈಬೀರಿಯಾಕ್ಕೆ ಅಟ್ತಾರೆ. ತಡೀರಿ, ನಿಮ್ಮನ್ನ ಉಳಿಸ್ತೀನಿ."

ಅರ್ಧ ಗಂಟೆಯಲ್ಲಿ ಅವನು ಕೌಂಟ್‌ನ ಹೆಂಡತಿ ಜಿನೈದಾಳನ್ನು, ಏಪ್ರನ್ ಸಮೇತ, ಜನರಲ್ ತ್ರುಹಾನೊವ್‌ರ ಮುಂದೆ ತಂದು ನಿಲ್ಲಿಸಿದ.

"ಎಂದೂ ಆಗಿರ್ಲಿಲ್ವಾ? ಮತ್ತೆ ಇದೇನು, ಅಡುಗೆ ಮಾಡ್ತೀರಾ?" ಜನರಲ್ ಗುಡುಗಿದರು.

"ಜ್ವರ ಬಂದ್ರೂ ಒಂದು ಗುರುವಾರ ತಪ್ಪಿಸಿಲ್ಲ ಇವ್ರು," ಎಂದಳು ಜಿನೈದಾ ಹೆಮ್ಮೆಯಿಂದ. "ಏನ್ರೀ, ಹೇಳ್ರೀ! ಅಲ್ಲಿಗಲ್ದೆ ಇನ್ನೆಲ್ಲಿಗೆ ಹೋಗ್ತಿದ್ರಿ?"

ಜನರಲ್ ಏಪ್ರನ್ ಮೂಸಿದರು. "ಇದೆಂಥ ಜಿಡ್ಡು?"

"ಬೆಣ್ಣೆ," ಎಂದ ಪೊರ್ಫೀರಿ. ಅಂದು ಅವನಾಡಿದ ಒಂದೇ ನಿಜ.

"ಅದೇನೋ ರಹಸ್ಯ ವಿಧಿ ಇರ್ಬೇಕು," ಎಂದು ಮೇಜರ್ ಪಿಸುಗುಟ್ಟಿದ.

ಜಿನೈದಾಳ ಕಣ್ಣು ಕಿರಿದಾಗತೊಡಗಿತು. ಪೊರ್ಫೀರಿ ಗಬಕ್ಕನೆ ಲೇಖನಿ ಕಿತ್ತುಕೊಂಡು "ಆಗಿದ್ದೆ, ಬಿಟ್ಟೆ" ಎಂದು ಗೀಚಿದ.

"ಮುಗೀಲಿಲ್ಲ," ಎಂದರು ಜನರಲ್, ಕಾಗದದ ಕಂತೆ ಎತ್ತಿ. "ನಮ್ಮ ರೆಜಿಮೆಂಟಿನಲ್ಲಿ ಹದಿನೇಳು ಜನ 'ಇದ್ದೆ, ಬಿಟ್ಟೆ' ಅಂದಿದಾರೆ. ಸಭೆ ಎಲ್ಲಿ ಅಂದ್ರೆ ಒಬ್ಬನಿಗೂ ಗೊತ್ತಿಲ್ಲ. ಯಾರ ಜೊತೆ ಹೋಗ್ತಿದ್ರಿ ಅಂದ್ರೆ, ಕೌಂಟ್ ಜೊತೆ! ಅವರ ಹೆಂಡ್ತೀರ್ದೂ ಅದೇ ಮಾತು. ಅಂದ್ರೆ ಈ ಸಂಘದ ಗುರು ನೀವೇ."

ಪೊರ್ಫೀರಿ ಮೇಜರನ ಕಡೆ ತಿರುಗಿದ. ಮೇಜರ್ ಸೂರು ನೋಡುತ್ತಿದ್ದ. ಅವನ ಜೇಬಿನಿಂದ ಮೀನಿನ ಗಾಳದ ದಾರ ಜೋತಾಡುತ್ತಿತ್ತು.

"ಸೈಬೀರಿಯಾನೇ ಗತಿ," ಎಂದರು ಜನರಲ್.

ಪೊರ್ಫೀರಿಯ ಮುಖ ಅರಳಿತು. "ಅಪ್ಪಣೆ! ಯಾವಾಗ ಹೊರಡ್ಲಿ?"

"ಅಯ್ಯೋ ಬೇಡಿ!" ಜಿನೈದಾ ಅಳತೊಡಗಿದಳು. "ಗುರುವಾರ ಇವ್ರನ್ನ ಮನೇಲೇ ಕೂಡಿಹಾಕ್ತೀವಿ. ನಮ್ಮಮ್ಮ ಕಾವಲಿರ್ತಾರೆ."

ಜನರಲ್ ಕರಗಿದರು. "ಆಗ್ಲಿ. ಶಿಷ್ಯರನ್ನೂ ಅಲ್ಲೇ ಕೂರಿಸಿ. ಎಲ್ಲ ಒಂದೇ ಕಡೆ ಇದ್ರೆ ಕಾವಲು ಸುಲಭ."

ಹೀಗೆ, ರದ್ದಾದ ದಿನವೇ ಆ ಸಂಘದ ಮೊಟ್ಟಮೊದಲ ಸಭೆ ಸೇರಿತು. ಪೊರ್ಫೀರಿಯ ಹಜಾರದಲ್ಲಿ ಹದಿನೇಳು ಅಧಿಕಾರಿಗಳು ಶಾಲೆಯ ಮಕ್ಕಳಂತೆ ಸಾಲಾಗಿ ಕೂತರು. ಅಷ್ಟು ಜನರನ್ನು ಕಂಡು ಪ್ರಿನ್ಸೆಸ್ ವರ್ವಾರಾಳ ಕಣ್ಣು ತುಂಬಿತು. ಅವಳು ಮೊದಲ ಪುಟ ತೆರೆದಳು.

"ಗುರುಗಳೇ," ಮೇಜರ್ ಪಿಸುಗುಟ್ಟಿದ, "ಈ ನಾಯಕ ಯಾವಾಗ ಸಾಯ್ತಾನೆ?"

"ಎರಡನೇ ಅಂಕದಲ್ಲಿ."

"ಸದ್ಯ! ಆಮೇಲೆ ಮನೆಗೆ ಹೋಗ್ಬಹುದಲ್ವಾ?"

"ಸುಮ್ನೆ ಕೂತ್ಕೊಳ್ಳಯ್ಯಾ," ಎಂದ ಪೊರ್ಫೀರಿ. "ಸತ್ತ ಮೇಲೇ ಅವನು ಜಾಸ್ತಿ ಮಾತಾಡೋದು."