ಗೇಮಿಂಗ್ ಮಾನಿಟರ್ ಆಯ್ಕೆ ಸಮಿತಿ

ಅಂಗಡಿಗೆ ಹೋಗುವುದು, ಒಂದು ಮಾನಿಟರ್ ಕೊಡಿ ಎನ್ನುವುದು, ಮನೆಗೆ ತರುವುದು. ಇದರಲ್ಲಿ ಏನು ಮಹಾ ಇದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮನೆಯ ಹಳೆಯ ಮಾನಿಟರ್‌ನ ನಟ್ಟನಡುವೆ ಒಂದು ಹಸಿರು ಗೆರೆ ಮೂಡಿತ್ತು. ಶನಿವಾರ ಹೋಗಿ ಹೊಸದನ್ನು ತಂದುಬಿಡುವುದೆಂದು ತೀರ್ಮಾನಿಸಿ, ನಿಶ್ಚಿಂತೆಯಿಂದ ಆಫೀಸಿನ ಚಹಾ ಯಂತ್ರದ ಮುಂದೆ ನಿಂತಿದ್ದೆ. ಅಲ್ಲಿಯೇ ಕೆಟ್ಟಿತು!

ಅದಕ್ಕೆ ಮೊದಲು ನನ್ನ ಸ್ಥಿತಿಯನ್ನು ಹೇಳಬೇಕು. ಹೆಂಡತಿ ಸವಿತಾಳಿಗೆ ಬಾಗಲಕೋಟೆಯಲ್ಲಿ ಬ್ಯಾಂಕ್ ನೌಕರಿ. ನನಗೆ ಹೈದರಾಬಾದಿನ ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕೆಲಸ. ತಿಂಗಳಿಗೊಮ್ಮೆ ಅವಳು ಬರುತ್ತಾಳೆ, ಇಲ್ಲವೇ ನಾನು ಹೋಗುತ್ತೇನೆ. ಉಳಿದ ದಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾನೊಬ್ಬನೇ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಸುತ್ತಮುತ್ತ ಹೊಸ ಕಟ್ಟಡ ಎದ್ದಿರುತ್ತಿದ್ದ ಕಾಲ ಅದು. ಲಿಫ್ಟಿನಲ್ಲಿ ದಿನಕ್ಕೊಂದು ಹೊಸ ಮುಖ, ಪ್ರತಿ ಮುಖಕ್ಕೂ ಇಯರ್‌ಫೋನು. ಭಾನುವಾರವಿಡೀ ನನ್ನ ಬಾಯಿಂದ ಹೊರಡುತ್ತಿದ್ದ ಮಾತೆಂದರೆ ಹಾಲಿನವನಿಗೆ ಹೇಳುವ "ಆಧಾ ಲೀಟರ್". ಕೆಲವು ಸಲ ಅದೂ ಇಲ್ಲ. ಅವನು ಪ್ಯಾಕೆಟ್ಟನ್ನು ಬಾಗಿಲಿಗೆ ನೇತುಹಾಕಿ ಹೋಗಿರುತ್ತಿದ್ದ. ಕುಕ್ಕರ್ ಸೀಟಿ ಹೊಡೆದರೆ "ಬಂದೆ, ಬಂದೆ" ಎಂದು ಅದಕ್ಕೆ ಉತ್ತರ ಕೊಡುವ ಮಟ್ಟಕ್ಕೆ ಇಳಿದಿದ್ದೆ.

ಇನ್ನು ಚಹಾ ಯಂತ್ರದ ಸಂಗತಿ. ಪಕ್ಕದಲ್ಲಿ ನಿಂತವನು ಬಸು, ನಮ್ಮ ಟೀಮಿನವನು, ಜಮಖಂಡಿಯ ಕಡೆಯವನು.

"ಮನಿಗೆ ಹೊಸಾ ಮಾನಿಟರ್ ತಗೋಬೇಕಪಾ" ಅಂದೆ.

"ಹೌದ್ರಿ?" ಅಂದ. ಮೊಬೈಲಿನಿಂದ ತಲೆ ಎತ್ತಲಿಲ್ಲ.

ಹೇಗಾದರೂ ಆ ತಲೆ ಎತ್ತಿಸಬೇಕೆನ್ನಿಸಿತು. "ಗೇಮಿಂಗ್ ಮಾನಿಟರ್" ಎಂದುಬಿಟ್ಟೆ.

ತಲೆ ಎದ್ದಿತು!

"ಸರ, ನೀವು ಗೇಮ್ ಆಡ್ತೀರಿ? ಮೊದ್ಲ ಹೇಳಬಾರದೇನ್ರಿ! ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಾದ್ರ ಏನೂ ಸಾಕಾಗಂಗಿಲ್ಲ. ನೂರಾ ನಲವತ್ನಾಕು ಬೇಕ!"

"ಬೇಕ ಬೇಕು" ಅಂದೆ, ದೊಡ್ಡ ಅನುಭವಸ್ಥನಂತೆ.

ನಾನು ಆಡುತ್ತಿದ್ದುದು ಕಂಪ್ಯೂಟರಿನ ಜೊತೆ ಪುಕ್ಕಟೆ ಬರುವ ಇಸ್ಪೀಟು. ಅದಕ್ಕೆ ಸೆಕೆಂಡಿಗಲ್ಲ, ನಿಮಿಷಕ್ಕೊಮ್ಮೆ ಚಿತ್ರ ಬದಲಾದರೂ ನಡೆಯುತ್ತದೆ. ಆದರೆ ಬಸು ಅರ್ಧ ಗಂಟೆ ಮಾತಾಡಿದ. ಅಷ್ಟೇ ಅಲ್ಲ, "ಟೇಬಲ್ ನೋಡದ ಮಾನಿಟರ್ ತಗೋಬಾರದ್ರಿ ಸರ, ಐತವಾರ ಮನಿಗೆ ಬರ್ತೀನಿ" ಎಂದ. ಮನೆಗೆ! ಬರುತ್ತೇನೆ ಎಂದವನಿಗೆ ಬೇಡ ಅನ್ನಲು ನನಗೇನು ಹುಚ್ಚೇ?

ಭಾನುವಾರ ಬಸು ಬಂದ. ಟೇಬಲ್ ಎಳೆದಾಡುತ್ತ ಇಬ್ಬರೂ ಜೋರಾಗಿ ವಾದಿಸುತ್ತಿದ್ದಾಗ ಬಾಗಿಲ ಗಂಟೆ ಬಾರಿಸಿತು. ಕೆಳಗಿನ ಮನೆಯ ಹಿರಿಯರು. ಗದ್ದಲವಾಯಿತೆಂದು ಬೈಯಲು ಬಂದಿರಬೇಕೆಂದು ತೆಲುಗಿನಲ್ಲಿ ಕ್ಷಮೆ ಕೇಳತೊಡಗಿದೆ.

"ಅಯ್ಯ, ಕನ್ನಡ ಕೇಳಸ್ತು ಅಂತ ಬಂದೆ ನಾನು" ಅಂದರು. "ದೇಶಪಾಂಡೆ ಅಂತ. ಕಲಬುರಗಿಯವ್ರು. ಸರ್ಕಾರಿ ಫ್ಯಾಕ್ಟರಿಯೊಳಗ ಇಲೆಕ್ಟ್ರಿಕಲ್ ಇಂಜಿನಿಯರ್ ಇದ್ದೆ, ಈಗ ರಿಟೈರ್ ಆಗೇನಿ."

ಎರಡು ವರ್ಷ ಲಿಫ್ಟಿನಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಹರಕುಮುರುಕು ತೆಲುಗಿನಲ್ಲಿ "ಬಾಗುನ್ನಾರಾ?" ಎಂದು ಕಷ್ಟಪಟ್ಟು ಕ್ಷೇಮ ವಿಚಾರಿಸಿದ್ದೇ ವಿಚಾರಿಸಿದ್ದು!

ಹೀಗೆ ಗೇಮಿಂಗ್ ಮಾನಿಟರ್ ಆಯ್ಕೆ ಸಮಿತಿ ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತು. ಪ್ರತಿ ಭಾನುವಾರ ಸಭೆ. ಬಸು ವೇಗದ ತಜ್ಞ. ದೇಶಪಾಂಡೆ ರಾಯರು ಅಳತೆಯ ಟೇಪು ಹಾಗೂ ವೋಲ್ಟೇಜಿನ ತಜ್ಞರು. ನಾನು ಗಿರ್ಮಿಟ್, ಮಿರ್ಚಿ ಮತ್ತು ಚಹಾ ಖಾತೆ. ಮಾನಿಟರ್‌ನಿಂದ ಶುರುವಾದ ಮಾತು ಜಮಖಂಡಿಯ ಬೆಲ್ಲ, ಕಲಬುರಗಿಯ ಬಿಸಿಲು, ಮಿಯಾಪುರದ ಟ್ರಾಫಿಕ್ಕು ಎಲ್ಲವನ್ನೂ ಸುತ್ತಿ ಬರುತ್ತಿತ್ತು. ಅವರು ಹೋದಮೇಲೆ ಮೂರು ಕಪ್ಪು ತೊಳೆಯುವಾಗ ನನಗೆ ಹಾಡಬೇಕೆನ್ನಿಸುತ್ತಿತ್ತು. ಒಂದು ಕಪ್ಪು ತೊಳೆಯುವುದಕ್ಕೂ ಮೂರು ಕಪ್ಪು ತೊಳೆಯುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ತುಂಬಿದ ಮನೆಯವರಿಗೆ ತಿಳಿಯುವುದಿಲ್ಲ.

ಆದರೆ ಸಮಿತಿ ಎಂದಮೇಲೆ ಒಂದು ದಿನ ತೀರ್ಮಾನಕ್ಕೆ ಬಂದೇ ಬರುತ್ತದಲ್ಲ! "ಇಪ್ಪತ್ತೇಳು ಇಂಚು. ಮುಗೀತು" ಎಂದರು ರಾಯರು ಒಂದು ಭಾನುವಾರ.

ಮುಗಿದರೆ ಮುಂದಿನ ಭಾನುವಾರ ಮತ್ತೆ ನಾನು, ಆ ಹಾಲಿನ ಪ್ಯಾಕೆಟ್ಟು. "ಕಿಟಕಿ ಬೆಳಕು ಹೊಡಿತೈತಲ್ರಿ?" ಎಂದು ತಕರಾರು ತೆಗೆದೆ. ಬೆಳಕಿನ ಅಧ್ಯಯನಕ್ಕೆ ಒಂದು ಭಾನುವಾರ ಹೋಯಿತು. ಮುಂದಿನ ವಾರ ಬಾಗಿದ ಪರದೆಯ ವಿಷಯ ಎತ್ತಿದೆ. ಅದರ ಮುಂದಿನ ವಾರ ನನ್ನ ಕುತ್ತಿಗೆ ನೋವು. ಅದೂ ಮುಗಿದಾಗ, ಟೇಬಲ್ಲನ್ನೇ ಇನ್ನೊಂದು ಕೋಣೆಗೆ ಸಾಗಿಸಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಿಸಿದೆ!

ಸವಿತಾ ಫೋನಿನಲ್ಲಿ ಬೇಸತ್ತಳು. "ಅಲ್ರಿ, ನನ್ನ ನೋಡಾಕ ಬಂದಾಗ ಚಹಾದ ಕಪ್ ಕೆಳಗಿಡೂದ್ರಾಗ ಹೂಂ ಅಂದಿದ್ರಿ. ಒಂದ್ ಟಿವಿ ಆರಸಾಕ ಇಷ್ಟ್ ದಿನಾ?"

"ಟಿವಿ ಅಲ್ಲ, ಮಾನಿಟರ್. ಭಾಳ ವಿಚಾರ ಮಾಡಬೇಕಾಗತೈತಿ."

"ಅಂದ್ರ ನನ್ನ ವಿಚಾರ ಮಾಡದ ಆರಿಸಿದ್ರಿ?"

ಲೈನ್ ಸರಿಯಿಲ್ಲವೆಂದು ಫೋನ್ ಇಟ್ಟೆ.

ಕೊನೆಗೆ ಸಮಿತಿ ನನ್ನನ್ನು ಎತ್ತಿಕೊಂಡು ಹೋದಂತೆ ಅಬಿಡ್ಸ್ ಮಾರುಕಟ್ಟೆಗೆ ಕರೆದೊಯ್ದಿತು. ಅಂಗಡಿಯವನು ಥಳಥಳಿಸುವ ಮಾನಿಟರ್‌ನ ಮುಂದೆ ಕುರ್ಚಿ ಎಳೆದ. "ಕೌನ್ಸಾ ಗೇಮ್ ಖೇಲ್ತೇ ಸಾಬ್?"

"ಸಬ್" ಅಂದೆ, ಎಲ್ಲ ಆಟಗಳನ್ನೂ ಅರೆದು ಕುಡಿದವನಂತೆ. ಕೆಟ್ಟ ಬಾಯಿ!

"ತೋ ಖೇಲ್ಕೇ ದೇಖೋ" ಎಂದು ಮೌಸನ್ನು ನನ್ನ ಕೈಗೆ ಕೊಟ್ಟ. ಪರದೆಯ ಮೇಲೆ ಬಂದೂಕು ಹಿಡಿದ ಎರಡು ಕೈ ಮೂಡಿದವು. ಅವು ನನ್ನವಂತೆ. ಮೌಸ್ ಸರಿಸಿದೆ, ಆಕಾಶ ಕಂಡಿತು. ಇನ್ನೊಂದಿಷ್ಟು ಸರಿಸಿದೆ, ನನ್ನದೇ ಬೂಟು ಕಂಡಿತು. ಗಾಬರಿಯಲ್ಲಿ ಗುಂಡಿ ಒತ್ತಿದೆ. ಮೂವರು ಸತ್ತರು. ಮೂವರೂ ನಮ್ಮ ಕಡೆಯವರು! ಆಮೇಲೆ ಒಂದು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತವನು ಏನು ಮಾಡಿದರೂ ತಿರುಗಲಿಲ್ಲ. ಹಿಂದೆ ಜನ ಸೇರಿದರು.

"ಪಾಟೀಲ್ರ, ಗ್ವಾಡಿ ಭಾಳ ಸ್ವಚ್ಛ ಕಾಣಸ್ತದ" ಎಂದರು ರಾಯರು, ನನ್ನ ಮಾನ ಉಳಿಸಲು. "ಮಾನಿಟರ್ ಛಲೋ ಅದ."

ಬಸು ಮೆಲ್ಲಗೆ ಬಗ್ಗಿದ. "ಸರ, ಖರೇ ಹೇಳ್ರಿ. ಮನ್ಯಾಗ ಏನ್ ಆಡ್ತೀರಿ?"

"ಇಸ್ಪೀಟ್."

"ಆನ್‌ಲೈನ್ ಏನ್ರಿ? ಮಂದಿ ಜೋಡಿ?"

"ಇಲ್ಲಪಾ. ಒಬ್ಬನ."

ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಬಸು ಮೂಲೆಯಲ್ಲಿದ್ದ ಒಂದು ಸಾದಾ ಮಾನಿಟರ್ ತೋರಿಸಿ, "ಸರಗ ಇದು ಸಾಕು" ಎಂದ. ವಾರಗಟ್ಟಲೆ ಎಳೆದಿದ್ದ ಕೆಲಸ ಚಹಾ ಬರುವಷ್ಟರಲ್ಲಿ ಮುಗಿದುಹೋಯಿತು! ನನ್ನನ್ನೂ ಡಬ್ಬಿಯನ್ನೂ ಆಟೋದಲ್ಲಿ ಕೂರಿಸುವಾಗ ಬಸು ಸಮಾಧಾನಕ್ಕೆಂಬಂತೆ ಹೇಳಿದ: "ಪರದ್ಯಾಗ ಎಲ್ಲ್ಯಾರ ಒಂದು ಚುಕ್ಕಿ ಸತ್ತು ಕರ್ರಗ ಕಂಡ್ರ ಹೇಳ್ರಿ ಸರ. ಬದಲಿ ಕೊಡ್ತಾರ. ನಾ ಬರ್ತೀನಿ."

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಏಕೆ ಬರಬೇಕು? ಲಿಫ್ಟಿನಲ್ಲಿ ಸಿಕ್ಕ ರಾಯರು "ಕೆಲಸ ಮುಗೀತಲ್ಲ, ಇನ್ನ ಆರಾಮ ಆಡ್ರಿ" ಎಂದು ಪ್ರೀತಿಯಿಂದಲೇ ಹೇಳಿ ಇಳಿದುಹೋಗಿದ್ದರು. ಅಭ್ಯಾಸಬಲದಿಂದ ಮೂವರಿಗಾಗುವಷ್ಟು ಗಿರ್ಮಿಟ್ ಕಲಸಿದ್ದೆ. ಮೂವರ ಪಾಲನ್ನೂ ನಾನೇ ತಿಂದೆ. ಆಮೇಲೆ ಭೂತಗನ್ನಡಿ ಹಿಡಿದು ಪರದೆಯ ಮುಂದೆ ಕುಳಿತೆ. ತಪ್ಪು ಹುಡುಕಿ ಸಂಬಳ ಪಡೆಯುವ ಸಾಫ್ಟ್‌ವೇರ್ ಟೆಸ್ಟರ್ ನಾನು. ಒಂದು ಸತ್ತ ಚುಕ್ಕೆ ಸಿಗದೇ ಇರುತ್ತದೆಯೇ? ಸಿಗಲಿಲ್ಲ! ಎಲ್ಲ ಚುಕ್ಕೆಗಳೂ ಗಟ್ಟಿಮುಟ್ಟಾಗಿ ಬದುಕಿದ್ದವು.

ಅಷ್ಟರಲ್ಲಿ ಸವಿತಾಳ ಫೋನು. "ಏನ್ ಮಾಡಾಕತ್ತೀರಿ?"

"ಮಾನಿಟರ್‌ನ್ಯಾಗ ದೋಷ ಹುಡುಕಾಕತ್ತೀನಿ. ಸಿಗವಲ್ದು."

"ಆಶ್ಚರ್ಯ ಆತು. ನನ್ನಾಗಾದ್ರ ನಿಮಿಷಕ್ಕೊಂದು ಸಿಗತಾವು" ಎಂದಳು. ಆಮೇಲೆ ದನಿ ಇಳಿಸಿ, "ಭಾಳ ಬ್ಯಾಸರ ಆಗೈತೇನ್ರಿ?" ಎಂದಳು.

"ಛೇ, ಇಲ್ಲ, ಕೆಲಸ ಐತಿ" ಅಂದೆ. ಬಹಳ ಬೇಸರವಾಗಿತ್ತು.

ಸಂಜೆಯ ಹೊತ್ತಿಗೆ ಕಂಡಿತು! ಬಿಳಿಯ ಪರದೆಯ ಎಡಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. ಕುಣಿದಾಡಿಬಿಟ್ಟೆ. ಬಸುವಿಗೆ ಫೋನ್ ಹಚ್ಚಿ "ಸತ್ತೈತಿ! ಒಂದು ಸತ್ತೈತಿ!" ಎಂದು ಕೂಗಿದೆ. ಪಾಪ, ಅವನು ಮೊದಲು ಹೆದರಿದ. ಆಮೇಲೆ "ಬಂದೆ ತಡೀರಿ ಸರ" ಎಂದ. ಚಹಾಕ್ಕೆ ನೀರಿಟ್ಟು ಬಂದು ನೋಡುತ್ತೇನೆ, ಸತ್ತ ಚುಕ್ಕೆ ನಡೆಯುತ್ತಿದೆ.

ಇರುವೆ!

ಮರ್ಯಾದಸ್ಥನಾಗಿದ್ದರೆ ಆಗಲೇ ಫೋನ್ ಮಾಡಿ ಬರಬೇಡ ಎನ್ನಬೇಕಿತ್ತು. ನಾನು ಅಡುಗೆಮನೆಗೆ ಓಡಿ, ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಪರದೆಯ ಎಡಮೂಲೆಗೆ ಒಂದು ಹನಿ ಹಚ್ಚಿದೆ. ಬಸು ಬರುವವರೆಗಾದರೂ ಅದು ಅಲ್ಲಿ ನಿಲ್ಲಲಿ! ಇರುವೆ ಬಂತು, ರುಚಿ ನೋಡಿತು, ನಿಂತಿತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಸರ, ಮನಿಗೆ ಬೀಗರು ಬಂದಾರ್ರಿ. ಒಂದು ಫೋಟೋ ತಗದು ಕಳಸ್ರಿ, ಅಷ್ಟ ಸಾಕಾಗತೈತಿ."

"ಆತಪಾ" ಅಂದೆ. ಒಲೆಯ ಮೇಲಿನ ನೀರನ್ನು ಇಳಿಸಿ ಬಂದು ನೋಡಿದರೆ ಇರುವೆಯೂ ಇರಲಿಲ್ಲ. ಅದೂ ಹೋಯಿತಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಟೇಬಲ್ಲಿನ ಕಾಲಿನಿಂದ ಇರುವೆಗಳ ಒಂದು ಸಾಲು ಮೇಲೇರಿತು. ಪರದೆಯನ್ನು ಹತ್ತಿ ಎಡಮೂಲೆಯಲ್ಲಿ ಮುತ್ತಿತು. ನಾನು ವಾರಗಟ್ಟಲೆ ಸುಳ್ಳು ಹೇಳಿ, ಮಿರ್ಚಿ ಕರಿದು ಕೂಡಿಸಿದ್ದು ಇಬ್ಬರನ್ನು. ಆ ಇರುವೆ ಒಂದು ಹನಿ ಬೆಲ್ಲಕ್ಕೆ ತನ್ನ ಬಳಗವನ್ನೆಲ್ಲ ಕರೆತಂದಿತ್ತು!