ಕೆಂಪು ಚೀಟಿಯ ಕ್ರಿಯಾಪದಗಳು

ಬಾಟ್ಲಪ್ಪನ ಆ ದಿನದ ಪಡಿಪಾಟಲಿಗೆಲ್ಲ ಕಾರಣ ಅಂಟುಚೀಟಿಯ ನಾಲ್ಕು ಕಟ್ಟುಗಳು. ನೀಲಿ, ಹಸಿರು, ಹಳದಿ, ಕೆಂಪು.

ಹೆಸರು ಕೇಳಿ ಯಾರೂ ಏನೇನೋ ಊಹಿಸಬೇಕಾಗಿಲ್ಲ. ಅವನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷಗಳಿಂದ ಬಾಟಲಿ ತೊಳೆಯುವವನು. ಮೊದಲು ಸೋಪಿನ ನೀರು, ಆಮೇಲೆ ಆಮ್ಲ, ಕೊನೆಗೆ ಮೂರು ಸಲ ಶುದ್ಧ ನೀರು. ದಿನಕ್ಕೆ ಇನ್ನೂರು ಬಾಟಲಿ. ಅವನ ಬೆರಳುಗಳು ರಜೆಯ ದಿನವೂ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿಯೇ ಇರುತ್ತಿದ್ದವು.

ಬಾಟಲಿ ತೊಳೆಯುವ ಆ ತೊಟ್ಟಿಯಿಂದ ಪಾರಾಗಲು ಈಗೊಂದು ದಾರಿ ಕಂಡಿತ್ತು. ಪ್ರಯೋಗಾಲಯಕ್ಕೆ ಹೊಸ ಯಂತ್ರ ಬರುವುದಿತ್ತು. ಒಂದು ತುದಿಯಲ್ಲಿ ನೀರು ಸುರಿದರೆ ಇನ್ನೊಂದು ತುದಿಯಲ್ಲಿ ಆ ನೀರಿನ ಪೂರ್ವಾಪರವೆಲ್ಲ ಅಚ್ಚಾಗಿ ಬರುವ ಯಂತ್ರ. ಆದರೆ ಅದರ ಕೈಪಿಡಿ ಇದ್ದದ್ದು ಸ್ಪ್ಯಾನಿಷ್ ಭಾಷೆಯಲ್ಲಿ ಮಾತ್ರ. ಪ್ರಯೋಗಾಲಯದ ಸಾಹೇಬರು ಆ ಸಂಜೆ ನಾಲ್ಕಕ್ಕೆ ಆ ಭಾಷೆಯದೇ ಒಂದು ಪರೀಕ್ಷೆ ಗೊತ್ತುಮಾಡಿದ್ದರು. ಗೆದ್ದವರಿಗೆ ಯಂತ್ರದ ಉಸ್ತುವಾರಿ, ಕುಳಿತು ಮಾಡುವ ಕೆಲಸ, ಒಣಗಿದ ಕೈ. ಹೆಸರು ಕೊಟ್ಟವರು ಇಬ್ಬರೇ: ಬಾಟ್ಲಪ್ಪ ಮತ್ತು ಸ್ಟೋರ್‌ಕೀಪರ್. ಸ್ಟೋರ್‌ಕೀಪರಿಗೆ ಬರುತ್ತಿದ್ದ ಸ್ಪ್ಯಾನಿಷ್ ಪದ ಒಂದೇ, ‘ಸಿ’, ಅಂದರೆ ಹೌದು. ಅದನ್ನೂ ಅವನು ಸಂಶಯದಿಂದಲೇ ಹೇಳುತ್ತಿದ್ದ.

ಬಾಟ್ಲಪ್ಪ ಮೂರು ತಿಂಗಳು ಓದಿದ್ದ. ಪದಗಳು ಬರುತ್ತಿದ್ದವು, ಯಾವುದು ನಾಮಪದ, ಯಾವುದು ಕ್ರಿಯಾಪದ ಎನ್ನುವುದು ಮಾತ್ರ ತೊಳೆದ ಬಾಟಲಿಯ ನೀರಿನ ಹಾಗೆ ಇಳಿದುಹೋಗುತ್ತಿತ್ತು. ಅದಕ್ಕಾಗಿ ಬಣ್ಣದ ಉಪಾಯ ಹೂಡಿದ. ನಾಮಪದಕ್ಕೆ ನೀಲಿ, ಗುಣವಾಚಕಕ್ಕೆ ಹಸಿರು, ಜೋಡಿಸುವ ಪದಕ್ಕೆ ಹಳದಿ, ಕ್ರಿಯಾಪದಕ್ಕೆ ಕೆಂಪು. ಕ್ರಿಯಾಪದವಿಲ್ಲದ ವಾಕ್ಯದಲ್ಲಿ ರಕ್ತಸಂಚಾರವಿಲ್ಲ ಎಂಬುದು ಅವನ ತರ್ಕ. ಮನೆಯ ಒಂದೊಂದು ವಸ್ತುವಿನ ಮೇಲೂ ಚೀಟಿ ಬಿತ್ತು.

“ಈ ಭಾಷೇಲಿ ಮೇಜು ಹೆಣ್ಣಂತೆ ಕಣೇ, ಗಡಿಯಾರ ಗಂಡಂತೆ,” ಎಂದ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ.

“ಸರಿಯಾಗೇ ಇದೆ ಬಿಡಿ,” ಎಂದಳು ಹೆಂಡತಿ. “ಎಲ್ಲರ ಭಾರ ಹೊತ್ಕೊಂಡು ನಿಂತಿರೋದು ಮೇಜು. ಗೋಡೆ ಮೇಲೆ ಆರಾಮಾಗಿ ಕೂತು, ಹೊತ್ತಾಯ್ತು ಹೊತ್ತಾಯ್ತು ಅಂತ ಮನೆಮಂದೀನೆಲ್ಲ ಓಡಿಸೋದು ಗಡಿಯಾರ.”

ಗಡಿಯಾರ ಏಳು ತೋರಿಸುತ್ತಿತ್ತು. ಬಾಟ್ಲಪ್ಪ ಓಡಿದ.

ಏಳೂವರೆಗೆ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅಲ್ಲೂ ಚೀಟಿ ಅಂಟಿಸಿ, ಒಂದು ಸುತ್ತು ಓದಿ, ಒಂಬತ್ತಕ್ಕೆ ಮುಂಚೆ ಕಿತ್ತುಬಿಡುವುದು ಅವನ ಯೋಜನೆ. ಒಣಗಿಸುವ ಓವನ್ ಮೇಲೆ ಕೆಂಪು: ‘ಕಾಲೆಂತಾರ್’, ಬಿಸಿ ಮಾಡುವುದು. ತಕ್ಕಡಿಗೆ ಕೆಂಪು: ‘ಪೆಸಾರ್’, ತೂಗುವುದು. ಫ್ರಿಜ್‌ಗೆ ಕೆಂಪು: ‘ಎನ್‌ಫ್ರಿಯಾರ್’, ತಂಪು ಮಾಡುವುದು. ಸ್ಟೋರ್‌ಕೀಪರನ ಬೀರುವಿಗೆ ಹಸಿರು: ‘ಸೂಸಿಯೊ’, ಕೊಳಕು. ಸಾಹೇಬರ ಕುರ್ಚಿಗೂ ಹಸಿರು: ‘ವಿಯೇಹೊ’, ಹಳೆಯದು. ಎರಡು ಹೆಜ್ಜೆ ನಡೆದ ಮೇಲೆ ಕುರ್ಚಿ ಹೆಣ್ಣೆಂದು ನೆನಪಾಗಿ, ವಾಪಸು ಬಂದು ‘ವಿಯೇಹಾ’ ಎಂದು ತಿದ್ದಿದ. ಎದುರುಬದುರು ಕುಳಿತು ದಿನವಿಡೀ ಹರಟುವ ಇಬ್ಬರು ಸಹಾಯಕರಿಗೆ ಜೋಡೆತ್ತುಗಳೆಂದೇ ಹೆಸರು. ಅವರ ಮೇಜುಗಳು ಕೂಡುವ ಗೆರೆಯ ಮೇಲೆ ಹಳದಿ ಚೀಟಿ: ‘ಇ’, ಅಂದರೆ ಮತ್ತು. ತನ್ನ ತೊಟ್ಟಿಗೆ ಮಾತ್ರ ಏನೂ ಅಂಟಿಸಲಿಲ್ಲ. ನೀರು, ಬಾಟಲಿ, ತೊಳೆ, ಇವೆಲ್ಲ ಮೊದಲ ವಾರವೇ ಬಾಯಿಗೆ ಬಂದಿದ್ದವು.

ಅಷ್ಟರಲ್ಲಿ ಸಾಹೇಬರ ಫೋನ್ ಬಂತು. “ತಾರಸಿ ಮೇಲಿನ ಟ್ಯಾಂಕಿಂದ ಒಂದು ಬಾಟ್ಲಿ ನೀರು ತೆಗೆದಿಡಪ್ಪ.”

ಬಾಟ್ಲಪ್ಪ ತಾರಸಿ ಹತ್ತಿದ. ಗಾಳಿ ಬೀಸಿತು. ಹಿಂದೆ ಬಾಗಿಲು ದಡಾರನೆ ಮುಚ್ಚಿತು, ಒಳಗಿನ ಅಗುಳಿ ತಾನಾಗಿ ಬಿತ್ತು. ಅಲ್ಲಿ ಟ್ಯಾಂಕಿನ ಪಕ್ಕ ಒಬ್ಬನೇ ನಿಂತಾಗ, ಹನ್ನೊಂದು ವರ್ಷ ಕಣ್ಣೆದುರೇ ಇದ್ದ ಪ್ರಯೋಗಾಲಯದ ಗೋಡೆಯ ಫಲಕ ಅವನಿಗೆ ನೆನಪಾಯಿತು. ಹಸಿರು ಚೀಟಿ ಎಂದರೆ ಪರೀಕ್ಷಿಸಲಾಗಿದೆ, ಒಪ್ಪಿಗೆ. ಹಳದಿ ಎಂದರೆ ನಿಗಾದಲ್ಲಿದೆ. ಕೆಂಪು ಎಂದರೆ ಕೆಟ್ಟಿದೆ, ಮುಟ್ಟಬಾರದು. ಕೆಳಗೆ ದಪ್ಪಕ್ಷರದಲ್ಲಿ: ಅಧಿಕಾರವಿಲ್ಲದೆ ಚೀಟಿ ಅಂಟಿಸಿದವರನ್ನು ಕೆಲಸದಿಂದ ತೆಗೆಯಲಾಗುವುದು. ತೊಟ್ಟಿಗೆ ಯಾರೂ ಎಂದೂ ಚೀಟಿ ಅಂಟಿಸಿರಲಿಲ್ಲ, ಹಾಗಾಗಿ ಆ ಫಲಕದ ಗೊಡವೆ ಅವನಿಗೆ ಇರಲಿಲ್ಲ.

ಕಾವಲುಗಾರ ಬಂದು ಬಾಗಿಲು ತೆಗೆದಾಗ ಒಂಬತ್ತೂವರೆ. ಕೆಳಗೆ ಜೇನುಗೂಡಿಗೆ ಕಲ್ಲು ಬಿದ್ದಂತಿತ್ತು.

“ಓವನ್ ನಿಲ್ಲಿಸಿ! ತಕ್ಕಡಿ ಮುಟ್ಬೇಡಿ!” ಸಾಹೇಬರು ಕೂಗುತ್ತಿದ್ದರು. “ಯಂತ್ರದ ಕಂಪನಿಯವರು ಹೇಳದೆ ಕೇಳದೆ ತಪಾಸಣೆಗೆ ಬರ್ತೀವಿ ಅಂತ ಕಾಗದದಲ್ಲಿ ಬರೆದಿದ್ರು. ಬಂದೇ ಹೋಗಿದಾರೆ! ನೋಡಿ, ಅವರದೇ ಭಾಷೆ.”

ಬಾಟ್ಲಪ್ಪ ಬಾಯಿ ತೆರೆದ. ಕಣ್ಣು ಫಲಕದ ದಪ್ಪಕ್ಷರದ ಕಡೆ ಹೋಯಿತು. ಬಾಯಿ ಮುಚ್ಚಿದ.

“ಬಾಟ್ಲಪ್ಪ, ಒಳ್ಳೇ ಹೊತ್ತಿಗೆ ಬಂದೆ. ಇದೇನು ಓದಿ ಹೇಳು.”

“ಬಿಸಿ ಮಾಡುವುದು ಅಂತಿದೆ ಸಾರ್.”

“ಬಿಸಿ ಮಾಡೋ ಓವನ್‌ಗೆ ಬಿಸಿ ಮಾಡಬೇಕು ಅಂತ ಬರೆದ್ರೆ ಏನರ್ಥ? ಸರಿಯಾಗಿ ಬಿಸಿ ಮಾಡ್ತಿಲ್ಲ ಅಂತ! ಥರ್ಮಾಮೀಟರ್ ತನ್ನಿ!”

ಥರ್ಮಾಮೀಟರ್ ಇಟ್ಟು ನೋಡಿದರು. ಓವನ್ ನಿಜಕ್ಕೂ ಏಳು ಡಿಗ್ರಿ ಕಡಿಮೆ ಇತ್ತು. ತಕ್ಕಡಿಯ ಮೇಲೆ ಪ್ರಮಾಣದ ಬಟ್ಟು ಇಟ್ಟರೆ ಅದೂ ತಪ್ಪು ತೋರಿಸಿತು. ಫ್ರಿಜ್ಜಿನ ಬಾಗಿಲಿನ ರಬ್ಬರು ಬಿರುಕು ಬಿಟ್ಟಿತ್ತು. ಸಾಹೇಬರು ಬೆವರು ಒರೆಸಿಕೊಂಡರು. “ಎಂಥಾ ಕಣ್ಣು ರೀ ಆ ಮನುಷ್ಯಂದು!”

ಬಾಟ್ಲಪ್ಪನಿಗೆ ತನ್ನ ಕಣ್ಣಿನ ಬಗ್ಗೆ ಒಂದು ಕ್ಷಣ ಹೆಮ್ಮೆಯೇ ಆಯಿತು.

“ಈ ಹಳದೀದು?”

“‘ಮತ್ತು’ ಅಂತ ಸಾರ್.”

“ಮತ್ತು?”

“ಮತ್ತು, ಸಾರ್.”

“ಅದೇ, ಮತ್ತು ಏನು?”

“ಅಷ್ಟೇ ಬರೆದಿದಾರೆ ಸಾರ್.”

ಜೋಡೆತ್ತುಗಳ ಮುಖ ಬಿಳಿಚಿತು. “ನಾನು ಮತ್ತು ನೀನು ಅಂತಲೇ ಮಾರಾಯ,” ಎಂದ ಒಬ್ಬ. “ನಮ್ಮಿಬ್ಬರನ್ನೂ ನಿಗಾದಲ್ಲಿ ಇಟ್ಟಿದಾರೆ.” ಇಬ್ಬರೂ ಮಾತಿಲ್ಲದೆ ಮೇಜುಗಳನ್ನು ಎಳೆದು ಕೋಣೆಯ ಎರಡು ಮೂಲೆಗೆ ಒಯ್ದರು. ಪ್ರಯೋಗಾಲಯದಲ್ಲಿ ಮೊದಲ ಬಾರಿಗೆ ಫ್ಯಾನಿನ ಸದ್ದು ಕೇಳಿಸಿತು.

“ನನ್ನ ಕುರ್ಚಿ ಮೇಲೆ?” ಸಾಹೇಬರ ದನಿ ತಗ್ಗಿತ್ತು.

ಹಳೆಯದು ಎನ್ನುವ ಧೈರ್ಯ ಬಾಟ್ಲಪ್ಪನಿಗೆ ಬರಲಿಲ್ಲ. “‘ಅನುಭವಸ್ಥ’ ಅಂತಿದೆ ಸಾರ್.”

ಸಾಹೇಬರು ಕಾಲರ್ ಸರಿಮಾಡಿಕೊಂಡರು.

“ನನ್ನ ಬೀರು? ನನ್ನ ಬೀರು?” ಸ್ಟೋರ್‌ಕೀಪರ್ ಮೈಮೇಲೆ ಬೀಳುವಂತೆ ಬಂದ. ಕೊಳಕು ಎಂದರೆ ಜಗಳ. ಜಗಳವಾದರೆ ಚೀಟಿಯ ಅಕ್ಷರ ಯಾರದೆಂದು ಯಾರಾದರೂ ಹತ್ತಿರದಿಂದ ನೋಡಬಹುದು. ಬಾಟ್ಲಪ್ಪ ಕಣ್ಣು ಮುಚ್ಚಿ, “ಅಚ್ಚುಕಟ್ಟು,” ಎಂದ.

ಸ್ಟೋರ್‌ಕೀಪರ್ ಬೀರುವನ್ನು ಬಾಚಿ ತಬ್ಬಿಕೊಂಡ. ಒಳಗಿಂದ ಏನೋ ಉದುರಿತು.

ಆಮೇಲೆ ಇಡೀ ದಿನ ರಿಪೇರಿ, ಒರೆಸು, ಗುಡಿಸು. ನಾಲ್ಕು ಗಂಟೆಯ ಹೊತ್ತಿಗೆ ಪ್ರಯೋಗಾಲಯ ಹೊಸ ಹಲ್ಲಿನ ಹಾಗೆ ಹೊಳೆಯುತ್ತಿತ್ತು. ಬಾಟ್ಲಪ್ಪ ಪೆನ್ನು ಹಿಡಿದು, ಮನಸ್ಸಿನಲ್ಲೇ ಬಣ್ಣಗಳನ್ನು ಎಣಿಸುತ್ತ ಸಾಹೇಬರ ಕೋಣೆಗೆ ಹೋದ. ಸ್ಟೋರ್‌ಕೀಪರ್ ಆಗಲೇ ಅಲ್ಲಿದ್ದ.

“ಪರೀಕ್ಷೆ ಬೇಡ,” ಎಂದರು ಸಾಹೇಬರು. “ತೀರ್ಪು ಬಂದಾಗಿದೆ. ಇಡೀ ಪ್ರಯೋಗಾಲಯದಲ್ಲಿ ಆ ತಪಾಸಣೆಯವರು ಹಸಿರು ಚೀಟಿ ಕೊಟ್ಟಿರೋದು ನನಗೆ ಬಿಟ್ರೆ ಸ್ಟೋರ್‌ಕೀಪರ್‌ಗೆ ಮಾತ್ರ. ‘ಅಚ್ಚುಕಟ್ಟು’, ನೀನೇ ಓದಿದೆಯಲ್ಲ. ಯಂತ್ರ ಅವನಿಗೆ.”

“ಸಾರ್, ನಾನು ಮೂರು ತಿಂಗಳಿಂದ ಓದ್ತಾ ಇದ್ದೀನಿ…”

“ನಿನ್ನ ವಿಷಯ ಬೇರೆ.” ಸಾಹೇಬರು ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. ಕಣ್ಣು ತೇವವಾಗಿತ್ತು. “ನನ್ನ ಕುರ್ಚಿಯನ್ನೂ ಬಿಡದೆ ಪರೀಕ್ಷಿಸಿದ ಮನುಷ್ಯ ಒಂದೇ ಒಂದು ಕಡೆ ಮಾತ್ರ ಚೀಟಿ ಅಂಟಿಸಿಲ್ಲ. ನಿನ್ನ ತೊಟ್ಟೀಲಿ! ತಪ್ಪು ಹುಡುಕೋದಿರಲಿ, ಒಪ್ಪಿಗೆ ಕೊಡೋದೂ ಅನಗತ್ಯ ಅನ್ನಿಸಿದೆ ಅವರಿಗೆ. ಅಂಥವನನ್ನ ಅಲ್ಲಿಂದ ಅಲ್ಲಾಡಿಸೋದುಂಟೇನಪ್ಪಾ? ನಾನಿರೋವರೆಗೂ ಆ ತೊಟ್ಟಿ ನಿಂದೇ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಜೋಡೆತ್ತುಗಳು ತಮ್ಮ ತಮ್ಮ ಮೂಲೆಯಿಂದ ತಟ್ಟಿದರು.

ಬಾಟ್ಲಪ್ಪ ತೊಟ್ಟಿಗೆ ಮರಳಿ ನಲ್ಲಿ ತಿರುಗಿಸಿದ. ನೀರಿನ ಸದ್ದು ಹಿತವಾಗಿಯೇ ಇತ್ತು. ಏನೇ ಆಗಲಿ, ಮನೆಗೆ ಕಳಿಸಲಿಲ್ಲವಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಚಪ್ಪಾಳೆ ಬೇರೆ. ಹೆಂಡತಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆ ನಗುವನ್ನು ನೆನೆದು ಅವನಿಗೂ ಸಣ್ಣಗೆ ನಗು ಬಂತು.

ಸ್ಟೋರ್‌ಕೀಪರ್ ಕಳ್ಳಹೆಜ್ಜೆಯಲ್ಲಿ ಬಂದು ಕೈಪಿಡಿಯನ್ನು ಅವನ ಮೂಗಿನ ಮುಂದೆ ಹಿಡಿದ. “ಮೊದಲನೇ ಸಾಲು ಒಂದು ಓದಿಕೊಡಪ್ಪ, ನಿನಗೆ ಪುಣ್ಯ ಬರುತ್ತೆ.”

ಬಾಟ್ಲಪ್ಪ ಓದಿದ. ಅಲ್ಲೇ ಒಂದು ಪವಾಡವಾಯಿತು. ಸಾಲಿನ ಪದಗಳು ಒಂದೊಂದೇ ತಂತಮ್ಮ ಬಣ್ಣ ತೊಟ್ಟು ನಿಂತವು: ಬಾಟಲಿ ನೀಲಿ, ಸ್ವಚ್ಛ ಹಸಿರು, ತೊಳೆ ಕೆಂಪು. ನಿಘಂಟು ಬೇಕಾಗಲಿಲ್ಲ, ಒಂದು ಕಡೆಯೂ ತಡವರಿಸಲಿಲ್ಲ. ಮೂರು ತಿಂಗಳ ಶ್ರಮ ಸಾರ್ಥಕವಾಗಿ ಅವನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು, ಇಡೀ ಪ್ರಯೋಗಾಲಯಕ್ಕೆ ಕೇಳುವಂತೆ ಅನುವಾದಿಸಿದ:

“ಈ ಯಂತ್ರಕ್ಕೆ ಬಳಸುವ ಬಾಟಲಿಗಳು ಅತ್ಯಂತ ಸ್ವಚ್ಛವಾಗಿರಬೇಕು. ಅವುಗಳನ್ನು ವಾಡಿಕೆಯಂತೆ ಮೂರು ಸಲವಲ್ಲ, ಒಂಬತ್ತು ಸಲ ತೊಳೆಯಿರಿ.”

ಅರ್ಥ ತಲೆಗೆ ಇಳಿದದ್ದು ಓದಿ ಮುಗಿಸಿದ ಮೇಲೆ. ಆ ಹೊತ್ತಿಗೆ ಸಾಹೇಬರು ತಮ್ಮ ಕೋಣೆಯಿಂದಲೇ, “ಕೇಳಿಸ್ತು ಬಾಟ್ಲಪ್ಪ, ನಾಳೆಯಿಂದಲೇ ಶುರು ಮಾಡು,” ಎಂದಾಗಿತ್ತು.